ಬಣವೆಯೊಳಗಿನ ಫೋನು

ಪರೀಕ್ಷೆ ಇದ್ದದ್ದು ಮಧ್ಯಾಹ್ನ ಮೂರು ಗಂಟೆಗೆ. ಸವೇತಾ ಬೆಳಗ್ಗೆ ಆರಕ್ಕೇ ಏಣಿ ಹತ್ತಿ, ಫೋನನ್ನು ಕಂಬಕ್ಕೆ ತೂಗುಹಾಕಿ ಬಂದಿದ್ದಳು. ಎಂಟಕ್ಕೊಮ್ಮೆ ಹೋಗಿ ನೋಡಿದಳು. ಹತ್ತಕ್ಕೆ ಮತ್ತೊಮ್ಮೆ ನೋಡಿದಳು. ಫೋನು ಅಲ್ಲೇ ಇತ್ತು. ಎಲ್ಲಿಗೆ ತಾನೇ ಹೋದೀತು?

ಸ್ತ್ರಿಂಬ ಎಂಬ ಆ ಊರು ಎರಡು ಗುಡ್ಡಗಳ ನಡುವೆ ಬಟ್ಟಲಿನ ತಳದಲ್ಲಿ ಕೂತ ಹಾಗಿತ್ತು. ಊರೊಳಗೆ ಫೋನುಗಳು ಗಂಟೆ ತೋರಿಸುವುದಕ್ಕೆ, ಕತ್ತಲಲ್ಲಿ ದೀಪ ಬಿಡುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬರುತ್ತಿರಲಿಲ್ಲ. ಹಿಂದಿನ ಶರತ್ಕಾಲದಲ್ಲಿ ಸವೇತಾ ತನ್ನ ಹುಲ್ಲುಗಾವಲಿನ ಮೇಲಂಚಿನ ಹಳೇ ಬಣವೆಯ ಮೇಲೆ ನಿಂತು ಹುಲ್ಲು ಕೀಳುತ್ತಿದ್ದಾಗ ಜೇಬಿನಲ್ಲಿದ್ದ ಫೋನು ಒಂದೇ ಉಸಿರಿಗೆ ಹನ್ನೊಂದು ಸಲ ಕಿಣಿಗುಟ್ಟಿತ್ತು. ಗಾಬರಿಯಾಗಿ ಜಾರಿ ಬೀಳುವುದೊಂದು ಬಾಕಿ. ಆಮೇಲೆ ತಿಳಿಯಿತು, ಆ ಎತ್ತರಕ್ಕೆ ನಿಂತರೆ ಆಚೆ ಗುಡ್ಡದ ಟವರು ಮರಗಳ ತಲೆಯ ಮೇಲಿಂದ ಇಣುಕುತ್ತದೆ ಎಂದು.

ಚಳಿಗಾಲಕ್ಕೆ ಬಣವೆಯ ಹುಲ್ಲೆಲ್ಲ ಹಸುವಿನ ಹೊಟ್ಟೆಗೆ ಹೋಯಿತು. ನಡುಗಂಬವೊಂದು ಬೋಳಾಗಿ ಉಳಿಯಿತು. ಆ ಕಂಬಕ್ಕೆ ತುದಿಯಿಂದ ಎರಡು ಮಾರು ಕೆಳಗೆ ಕೊಂಬೆ ಮುರಿದ ಮೋಟೊಂದಿತ್ತು. ಸವೇತಾ ಅಮ್ಮನ ಕಾಲದ ಕೆಂಪು ಕುಚ್ಚಿನ ನೇಯ್ಗೆಯ ಕೈಚೀಲದಲ್ಲಿ ಫೋನನ್ನೂ ಪವರ್ ಬ್ಯಾಂಕನ್ನೂ ಇಟ್ಟು ಆ ಮೋಟಿಗೆ ಕಟ್ಟುತ್ತಿದ್ದಳು. ಫೋನಿನ ಹಾಟ್‌ಸ್ಪಾಟ್ ಹಚ್ಚಿ ಇಳಿದು, ಮೂವತ್ತು ಹೆಜ್ಜೆ ದೂರದ ಮರದ ಕೊಟ್ಟಿಗೆಯಲ್ಲಿ ಕೂತು, ಸಂಜೆಶಾಲೆಯವರು ಕೊಟ್ಟಿದ್ದ ಟ್ಯಾಬಿನಲ್ಲಿ ಪಾಠ ಕೇಳುತ್ತಿದ್ದಳು. ಜಿಲ್ಲಾ ಪಟ್ಟಣದ ಸಂಜೆಶಾಲೆಯ ಆರೋಗ್ಯ ಸಹಾಯಕಿ ತರಬೇತಿ, ದಿನಾ ಐದರಿಂದ ಏಳು, ಹೀಗೇ ಎಂಟು ತಿಂಗಳು. ಹಿಮ ಬಿದ್ದಾಗ ಬೆರಳತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ಬರೆದಳು. ಪಾಠದ ನಡುವೆ ಕುರಿ ಕೆಮ್ಮಿದರೆ ಮೇಷ್ಟ್ರು "ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತಿದ್ದರು.

ಅವಳಿಗೆ ನಲವತ್ತೇಳು. ಶಾಲೆ ಬಿಟ್ಟದ್ದು ಎಂಟನೆಯ ತರಗತಿಗೆ. ಇವತ್ತು ಪಾಸಾದರೆ, ಮುಚ್ಚಿಹೋದ ಊರ ಶಾಲೆಯ ಒಂದು ಕೋಣೆಯಲ್ಲಿ ಆರೋಗ್ಯ ಕೇಂದ್ರ ತೆರೆಯುತ್ತದೆ, ಅದರ ಬೀಗದ ಕೈ ಅವಳ ಕೈಗೆ. ಇಲ್ಲವಾದರೆ ಆ ಕೇಂದ್ರ ಕೆಳಗಿನ ಊರಿಗೆ. ಪರೀಕ್ಷೆ ವರ್ಷಕ್ಕೊಂದೇ ಸಲ, ಅದೂ ಪರದೆಯಲ್ಲೇ ಎದುರೆದುರು ಮುಖ ನೋಡಿ, ಪ್ರಶ್ನೆ ಕೇಳಿ. ರಾತ್ರಿಯಿಡೀ ಅವಳ ಮನಸ್ಸು ಒಂದೇ ಮಾತನ್ನು ಅರೆಯುತ್ತಿತ್ತು: ಕೇಳಿದ್ದು ಗೊತ್ತಿದ್ದರೂ ಬಾಯಿ ಕಟ್ಟಿಬಿಟ್ಟರೆ?

ಮಧ್ಯಾಹ್ನ ಮನೆಗಿಳಿದು ತಲೆ ಬಾಚಿ, ಕಸೂತಿಯ ರವಿಕೆ ಹಾಕಿಕೊಂಡಳು. ಗುರುತಿನ ಚೀಟಿಯನ್ನು ಮೂರು ಸಲ ಮುಟ್ಟಿ ನೋಡಿದಳು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. ಹುಲ್ಲುಗಾವಲಿನಲ್ಲಿ ಅವಳ ಹುಲ್ಲು ಒಣಗಿ ಗುಪ್ಪೆ ಗುಪ್ಪೆಯಾಗಿ ಬಿದ್ದಿತ್ತು. ಗಂಡ ಮರದ ಲಾರಿ ಓಡಿಸುವವನು, ಶನಿವಾರಕ್ಕೆ ಮುಂಚೆ ಬರುವವನಲ್ಲ. "ನೆನೆದರೆ ನೆನೆಯಲಿ" ಅಂದುಕೊಂಡಳು. ಸ್ತ್ರಿಂಬದಲ್ಲಿ ಹುಲ್ಲಿನ ವಿಷಯದಲ್ಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅವಳೂ ಮನಸ್ಸಿನಲ್ಲೇ ಅಂದುಕೊಂಡದ್ದು, ಅದೂ ಮೆಲ್ಲಗೆ.

ಎರಡೂಕಾಲಿಗೆ ರಕ್ತದೊತ್ತಡದ ಯಂತ್ರ, ಗಾಯದ ಬಟ್ಟೆ ಇದ್ದ ಬುಟ್ಟಿಯನ್ನು ತೋಳಿಗೆ ಸಿಕ್ಕಿಸಿ, ಟ್ಯಾಬನ್ನು ಎದೆಗವಚಿಕೊಂಡು ದಿಬ್ಬ ಹತ್ತಿದಳು. ಮೇಲಿನಿಂದ ನಗು ಕೇಳಿಸಿತು. ಯಾರದೋ ಹಸುಗಳ ಕೊರಳಗಂಟೆ ಕೇಳಿಸಿತು. ಬೇಲಿ ದಾಟಿ ತಲೆಯೆತ್ತಿದವಳು ಹಾಗೇ ನಿಂತುಬಿಟ್ಟಳು.

ಗುಪ್ಪೆಗಳು ಒಂದೂ ಇರಲಿಲ್ಲ. ನೆಲ ಬಾಚಿದ ತಲೆಯ ಹಾಗೆ ನುಣುಪಾಗಿತ್ತು. ಮೇಲಂಚಿನಲ್ಲಿ ಮೂರಾಳೆತ್ತರದ ಹೊಸ ಬಣವೆ ನಿಂತಿತ್ತು, ಪಕ್ಕೆಗಳನ್ನು ಬಾಚಣಿಗೆಯಿಂದ ಬಾಚಿದಷ್ಟು ಚಂದ. ಅದರ ನೆತ್ತಿಯಲ್ಲಿ ಊರೆಲ್ಲ ಮಾವ ಎಂದು ಕರೆಯುವ ಗವ್ರಿಲ ಗಾಳಿಗೆ ಹುಲ್ಲು ಹಾರದ ಹಾಗೆ ಸೊಪ್ಪಿನ ಕೊಂಬೆಗಳನ್ನು ಅಡ್ಡಡ್ಡ ಕಟ್ಟುತ್ತಿದ್ದ. ಕೆಳಗೆ ಏಳು ಜನ ನೆರೆಹೊರೆಯವರು ಕವಲುಗೋಲಿಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದರು.

"ಬಂದ್ಲು ನೋಡ್ರಪ್ಪಾ ಡಾಕ್ಟ್ರಮ್ಮ!" ಎಂದಳು ಪಕ್ಕದ ಮನೆಯ ನಸ್ತಾಸಿಯಾ. "ಕಣ್ಣು ಬಿಟ್ಕೊಂಡು ಏನ್ ನಿಂತೆ? ಮಳೆ ಬರೋದ್ರೊಳಗೆ ಕೂಲಿಯಿಲ್ದೆ ಮುಯ್ಯಾಳಾಗಿ ಬಂದು ಮುಗಿಸಿದ್ವಿ. ನೀನು ಹುಲ್ಲಿನ ಚಿಂತೆ ಬಿಟ್ಟು ಪರೀಕ್ಷೆಗೆ ಕೂತ್ಕೋ. ಫೇಲಾದ್ರೆ ಮಾತ್ರ ಈ ಹುಲ್ಲನ್ನ ನಿನಗೇ ತಿನ್ನಿಸ್ತೀನಿ."

ಸವೇತಾಳ ಕಣ್ಣು ಕಂಬವನ್ನು ಹುಡುಕಿತು. "ಅಕ್ಕಾ... ಕಂಬದಲ್ಲಿ ಚೀಲ ಇತ್ತಲ್ಲಾ. ಚೀಲ ಎಲ್ಲಿ?"

"ಯಾವ ಚೀಲ?"

"ಕೆಂಪು ಕುಚ್ಚಿಂದು. ಮೋಟಿಗೆ ಕಟ್ಟಿದ್ದೆ."

ಮೇಲಿನಿಂದ ಗವ್ರಿಲ ಹೆಮ್ಮೆಯಿಂದ ಕೂಗಿದ, "ಅದು ಇದ್ದಲ್ಲೇ ಇದೆ ಕಣಮ್ಮ! ಮುಟ್ಟಿಲ್ಲ. ಅದರ ಸುತ್ತ ಹುಲ್ಲನ್ನ ಮೆತ್ತಗೆ ತುಳಿದು ತುಂಬಿದೀನಿ. ಒಂದೆಳೆ ಕುಚ್ಚೂ ನಲುಗಿರೋಲ್ಲ."

ಸಂತ ಯೋಹಾನನ ಹಬ್ಬ ಕಳೆದು ಇನ್ನೂ ಎರಡು ವಾರ ಆಗಿರಲಿಲ್ಲ. ಆ ಹಬ್ಬಕ್ಕೆ ಊರ ಹೆಂಗಸರು ಹಳದಿ ಹೂವನ್ನು ಚೀಲದಲ್ಲಿ ಕಟ್ಟಿ, ದೃಷ್ಟಿ ತಾಗದಿರಲೆಂದು ಕೆಂಪು ಕುಚ್ಚು ಇಳಿಬಿಟ್ಟು, ಬಣವೆಯ ಕಂಬಕ್ಕೆ ಕಟ್ಟುತ್ತಾರೆ. ಹೆಣ್ಣು ಹರಕೆ ಹೊತ್ತು ಕಟ್ಟಿದ್ದನ್ನು ಗಂಡಸು ಬಿಚ್ಚಬಾರದು, ಬಿಚ್ಚಿದ ಕೈ ಮರಗಟ್ಟುತ್ತದೆ ಎಂಬುದು ಗವ್ರಿಲನಂಥವರಿಗೆ ದೇವರ ಮಾತಿನಷ್ಟೇ ದಿಟ.

"ಮಾವಾ, ಅದ್ರಲ್ಲಿ ಹೂವಿರ್ಲಿಲ್ಲ," ಎಂದಳು ಸವೇತಾ. "ಫೋನಿತ್ತು."

ಗವ್ರಿಲ ಮೆಲ್ಲಗೆ ಏಣಿ ಇಳಿದು ಬಂದ. ಎಪ್ಪತ್ತರ ಮುದುಕ, ಮೀಸೆಯಲ್ಲಿ ಹುಲ್ಲು. "ಫೋನನ್ನ ಜನ ಜೇಬಲ್ಲಿ ಇಟ್ಕೋತಾರಮ್ಮ. ಹಂದಿಮಾಂಸದ ಹಾಗೆ ಕಂಬಕ್ಕೆ ತೂಗುಹಾಕೋದು ಎಲ್ಲಾದ್ರೂ ಉಂಟಾ?"

"ಎಂಟು ತಿಂಗಳಿಂದ ಹಾಕ್ತಿದಾಳೆ, ಊರಿಗೆಲ್ಲ ಗೊತ್ತು!" ಎಂದು ನಸ್ತಾಸಿಯಾ ಹರಿಹಾಯ್ದಳು. "ನಿಮಗೊಬ್ಬರಿಗೆ ಬಿಟ್ಟು. ಪರೀಕ್ಷೆ ಹೊತ್ತಿಗೆ ಬಂದು ಕಟ್ತಾಳೆ ಅಂತ ನಾವ್ಯಾರೂ ಕಂಬದ ಮೇಲೆ ನೋಡ್ಲಿಲ್ಲ."

"ಕಂಬದಿಂದ ನೆಟ್ಟು ಬರುತ್ತೆ ಅಂದ್ರು. ಕಂಬವೇ ಹಿಡಿಯುತ್ತೆ ಅಂದ್ಕೊಂಡಿದ್ದೆ." ಮುದುಕ ಬಣವೆಯನ್ನು ಬುಡದಿಂದ ತುದಿವರೆಗೆ ಒಮ್ಮೆ ನೋಡಿದ. ನಲವತ್ತು ವರ್ಷದಿಂದ ಅವನು ತುಳಿದ ಬಣವೆಗೆ ಒಂದು ಹನಿ ನೀರು ಇಳಿದದ್ದಿಲ್ಲ. ಅದನ್ನು ಅವನು ಮದುವೆಯಲ್ಲೂ ಹೇಳುತ್ತಿದ್ದ, ಸಾವಿನ ಮನೆಯಲ್ಲೂ ಹೇಳುತ್ತಿದ್ದ. ಈಗ ಬಾಗಿ ಕವಲುಗೋಲು ಎತ್ತಿಕೊಂಡ. "ಬನ್ರೋ. ಕೆಡವೋಣ."

"ಮುಕ್ಕಾಲು ಗಂಟೇಲಿ ಆಗುತ್ತಾ?" ಯಾರೋ ಕೇಳಿದರು.

"ಕಟ್ಟೋದಕ್ಕೆ ಎರಡು ಗಂಟೆ ಹಿಡೀತು. ಕೆಡವೋದಕ್ಕೆ ಬುದ್ಧಿ ಬೇಡ, ಬೇಗ ಆಗುತ್ತೆ."

ಮೋಡ ಗುಡುಗಿತು. ಕೆಡವಿದರೆ ಹುಲ್ಲು ನೆನೆದು ಕೊಳೆಯುವುದು ಖಂಡಿತ, ಎಂಟು ಜನರ ಬೆವರು ಮಣ್ಣುಪಾಲು. ಸವೇತಾ ಬೇಡ ಎನ್ನಲಾರದೆ, ಹೂಂ ಎನ್ನಲಾರದೆ, ಕೈಗೆ ಏನಾದರೂ ಕೆಲಸ ಬೇಕೆಂದು ಟ್ಯಾಬು ತೆರೆದಳು. ಆರು ಗಂಟೆಯಿಂದ ಫೋನಿನ ಹಾಟ್‌ಸ್ಪಾಟು ಹಚ್ಚಿಯೇ ಇತ್ತು. ಬಣವೆಗೆ ಎರಡು ಹೆಜ್ಜೆ ಹತ್ತಿರ ಹೋದಳು. ಪರದೆಯ ಮೂಲೆಯಲ್ಲಿ ಒಂದು ಗೆರೆ ಮೂಡಿತು, ಆಮೇಲೆ ಎರಡು. ಬೆನ್ನು ಹುಲ್ಲಿಗೆ ತಾಗುವಷ್ಟು ಒತ್ತಿ ಕೂತಾಗ ಗೆರೆಗಳೆಲ್ಲ ತುಂಬಿದವು.

"ನಿಲ್ಸಿ!" ಎಂದು ಚೀರಿದಳು. ಅಷ್ಟು ಗಟ್ಟಿಯಾಗಿ ಅವಳು ಕೂಗಿದ್ದನ್ನು ಆ ಊರು ಹಿಂದೆ ಕೇಳಿರಲಿಲ್ಲ. "ಬರ್ತಿದೆ! ಹುಲ್ಲೊಳಗಿಂದಾನೇ ಬರ್ತಿದೆ!"

"ಒಣಗಿದ ಹುಲ್ಲು ಅಂದ್ರೆ ಹಂಗೇ ಮತ್ತೆ," ಎಂದ ಗವ್ರಿಲ. ಅರ್ಧ ನಿಮಿಷದಲ್ಲಿ ಅವನ ಗತ್ತು ಮರಳಿತ್ತು. "ನನ್ನ ಬಣವೇಲಿ ಪಸೆ ಇರಲ್ಲ. ಬೇರೆಯವರು ಕಟ್ಟಿದ್ರೆ ನಿನ್ನ ನೆಟ್ಟು ಅಲ್ಲೇ ಕೊಳೆತು ಹೋಗ್ತಿತ್ತು."

ಮೂರು ಗಂಟೆಗೆ ಸವೇತಾ ಹಾಲಿನ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಬೆನ್ನನ್ನು ಬಣವೆಗೆ ಕೊಟ್ಟಿದ್ದಳು. ಪರದೆಯಲ್ಲಿ ಕನ್ನಡಕದ ಹೆಂಗಸು, ಡಾಕ್ಟರ್ ಕೊರ್ಬ್ಯಾನು, ಗುರುತಿನ ಚೀಟಿ ನೋಡಿ ತಲೆಯಾಡಿಸಿದರು.

"ಕೋಣೆಯ ಬಾಗಿಲು ಹಾಕಿದೀರಾ? ಸುತ್ತ ಯಾರೂ ಇರಬಾರದು. ಟ್ಯಾಬನ್ನ ತಿರುಗಿಸಿ ನಾಲ್ಕೂ ಗೋಡೆ ತೋರಿಸಿ."

ಸವೇತಾಗೆ ಕೆನ್ನೆ ಬಿಸಿಯಾಯಿತು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಟ್ಯಾಬನ್ನು ಮೆಲ್ಲಗೆ ಸುತ್ತ ತಿರುಗಿಸಿದಳು. ಗುಡ್ಡ, ಬೇಲಿ, ಎರಡು ಹಸು, ಕವಲುಗೋಲು ಹಿಡಿದು ಫೋಟೋಗೆ ನಿಂತವರ ಹಾಗೆ ಸೆಟೆದ ಎಂಟು ಜನ.

"ಇದೇನಮ್ಮ ಇದು? ದಂಗೆಯಾ?"

"ಮುಯ್ಯಾಳು, ಮೇಡಂ. ಹುಲ್ಲು ಒಟ್ಟೋಕೆ ಬಂದಿದ್ರು. ಮನೇಲಿ ಸಿಗ್ನಲ್ ಸಿಗಲ್ಲ. ಇದೇ ನನ್ನ ಕೋಣೆ."

ಡಾಕ್ಟರು ಪಕ್ಕಕ್ಕೆ ತಿರುಗಿ ಯಾರೊಂದಿಗೋ ಪಿಸುಗುಟ್ಟಿದರು. "ಸರಿ. ಅವರೆಲ್ಲ ಐವತ್ತು ಹೆಜ್ಜೆ ದೂರ ಹೋಗಲಿ. ಆ ಗಂಟೆ ಸದ್ದೂ ನಿಲ್ಲಬೇಕು."

ನಸ್ತಾಸಿಯಾ ಆಗಲೇ ಎರಡು ಹಿಡಿ ಹುಲ್ಲು ಕಿತ್ತು ಹಸುಗಳ ಕೊರಳಗಂಟೆಗೆ ತುರುಕುತ್ತಿದ್ದಳು. ಆಮೇಲೆ ಎಲ್ಲರೂ ಬೇಲಿಯತ್ತ ನಡೆದರು. ಗಟ್ಟಿಯಾಗಿ ಹೆಜ್ಜೆ ಎಣಿಸುತ್ತ ಹೋದರು, ನಲವತ್ತೆಂಟು, ನಲವತ್ತೊಂಬತ್ತು, ಐವತ್ತು. ಗವ್ರಿಲ ಮೈಮರೆತು ಐವತ್ತೆರಡಕ್ಕೆ ನಿಂತ.

ಮೊದಲ ಪ್ರಶ್ನೆ: ಮುದುಕಿಯೊಬ್ಬಳು ಮಾತಾಡುತ್ತ ಇದ್ದಕ್ಕಿದ್ದಂತೆ ತೊದಲುತ್ತಾಳೆ, ನೀವೇನು ಮಾಡುತ್ತೀರಿ?

ಒಂದು ಕ್ಷಣ ಸವೇತಾಳ ತಲೆ ಖಾಲಿ ಮಡಕೆಯಾಯಿತು. ಅವಳು ಹೆದರುತ್ತಿದ್ದದ್ದು ಇದಕ್ಕೇ. ಬೆನ್ನ ಹಿಂದಿನ ಹುಲ್ಲು ಬೆಚ್ಚಗಿತ್ತು. ಅದೇ ವಾಸನೆಯಲ್ಲಿ, ಕೊಟ್ಟಿಗೆಯ ಕತ್ತಲಲ್ಲಿ ಈ ಪಾಠವನ್ನು ಅವಳು ಕುರಿಗಳಿಗೆ ಮೂರು ಸಲ ಒಪ್ಪಿಸಿದ್ದಳು. "ನಗು ಅಂತ ಹೇಳ್ತೀನಿ, ಬಾಯಿ ಒಂದು ಕಡೆ ಜಾರುತ್ತಾ ನೋಡ್ತೀನಿ," ಎಂದು ಶುರುಮಾಡಿದಳು. "ಎರಡೂ ಕೈ ಎತ್ತಿಸ್ತೀನಿ. ಯಾವಾಗ ಶುರುವಾಯ್ತು ಅಂತ ಗಂಟೆ ನೋಡಿ ಬರ್ಕೋತೀನಿ. ತಡಮಾಡದೆ ಆಂಬುಲೆನ್ಸಿಗೆ ಫೋನ್ ಮಾಡ್ತೀನಿ. ನುಂಗೋದಕ್ಕೆ ನೀರೂ ಕೊಡಲ್ಲ, ಮಾತ್ರೆನೂ ಕೊಡಲ್ಲ."

"ಒಂದು ಗುಟುಕು ಪಾಲಿಂಕಾ ಸಾರಾಯಿ?"

"ಅದನ್ನ ಕೊಡೋರನ್ನ ಮನೆಯಿಂದ ಆಚೆ ಕಳಿಸ್ತೀನಿ, ಮೇಡಂ."

ಡಾಕ್ಟರ ತುಟಿ ಅಲುಗಿತು. ಎರಡನೆಯ ಪ್ರಶ್ನೆ ಕೇಳಲು ಅವರು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಚಿತ್ರ ಕಲ್ಲಾಗಿತ್ತು.

"ಮೇಡಂ? ಮೇಡಂ, ಕೇಳಿಸ್ತಿದೆಯಾ?"

ಗೆರೆಗಳು ಒಂದೊಂದಾಗಿ ಕಳಚಿದವು. ನಸ್ತಾಸಿಯಾ ಬೇಲಿಯಿಂದಲೇ ಕೈಸನ್ನೆಯಲ್ಲಿ ಏನೆಂದು ಕೇಳಿದಳು. "ನಿಂತ್ಹೋಯ್ತು!" ಎಂದು ಸವೇತಾ ಕೂಗಿದಳು. "ಒಳಗೆ ಫೋನ್ ಕಾದಿರ್ಬೇಕು!"

ಕಾದಿರಬೇಕು ಎಂಬ ಮಾತು ಕಿವಿಗೆ ಬಿದ್ದದ್ದೇ ಗವ್ರಿಲ ಓಡಿ ಬಂದ. ಫೋನು ಅವನಿಗೆ ಗೊತ್ತಿರಲಿಲ್ಲ, ಹುಲ್ಲು ಗೊತ್ತಿತ್ತು. ಗಾಳಿ ಸಿಗದ ಹುಲ್ಲು ಒಳಗೊಳಗೇ ಹೇಗೆ ಬೇಯುತ್ತದೆ ಎಂದು ಅವನಿಗಿಂತ ಚೆನ್ನಾಗಿ ತಿಳಿದವರು ಆ ಕಣಿವೆಯಲ್ಲಿ ಇರಲಿಲ್ಲ. ಬಣವೆಯ ಹಿಂಬದಿಗೆ ಏಣಿ ಒರಗಿಸಿ ಹತ್ತಿದ. ಮೂರನೇ ಎರಡು ಭಾಗ ಹತ್ತಿ, ಕಣ್ಣು ಮುಚ್ಚಿ, ಎಲ್ಲಿ ಎಷ್ಟು ತುಳಿದೆ ಎಂದು ಕಾಲಿಂದ ನೆನಪು ಮಾಡಿಕೊಂಡ. ಆಮೇಲೆ ತಾನೇ ಬಾಚಿ ನುಣುಪು ಮಾಡಿದ್ದ ಪಕ್ಕೆಗೆ ಬೆರಳು ಹಾಕಿ ಸೀಳಿದ. ಹಿಡಿಹಿಡಿಯಾಗಿ ಹುಲ್ಲು ಕಿತ್ತು ಎಸೆದ. ತೋಳು ಭುಜದವರೆಗೂ ಒಳಗೆ ಹೋಯಿತು.

"ಸಿಕ್ತು! ರೊಟ್ಟಿ ಒಲೆ ಹಂಗೆ ಕಾದಿದೆ. ಕೀಳ್ಲಾ?"

"ಕೀಳ್ಬೇಡಿ ಮಾವ! ಕಿತ್ರೆ ಎಲ್ಲಾ ಕಡಿದು ಹೋಗುತ್ತೆ. ಗಾಳಿ ಆಡೋ ಹಾಗೆ ಚೀಲದ ಬಾಯಿ ಬಿಚ್ಚಿ ಹಿಡ್ಕೊಳ್ಳಿ!"

ಹೆಣ್ಣು ಕಟ್ಟಿದ ಕೆಂಪು ಕುಚ್ಚು ಮುದುಕನ ಬೆರಳಿಗೆ ತಾಗಿರಬೇಕು. "ಕಟ್ಟಿದವಳೇ ಬಿಚ್ಚು ಅಂತಿದಾಳೆ. ದೇವರೇ, ಕೇಳಿಸ್ಕೊಂಡೆಯಲ್ಲ," ಎಂದು ಗೊಣಗಿ ಬಿಚ್ಚಿದ.

ಮಳೆಗೆ ಮುಂಚಿನ ತಂಪುಗಾಳಿ ಗುಡ್ಡದಿಂದ ಇಳಿಯುತ್ತಿತ್ತು. ನಾಲ್ಕು ನಿಮಿಷ ಹೋಯಿತು. ಸವೇತಾ ಬಾಯಲ್ಲಿ ಜಪ ಮಾಡಿದಳೋ, ನಿಮಿಷ ಎಣಿಸಿದಳೋ ಅವಳಿಗೇ ತಿಳಿಯದು. ಒಂದು ಗೆರೆ ಮರಳಿತು. ಡಾಕ್ಟರು ಬಾಯಿ ಮುಚ್ಚಿದರು.

"ಎಲ್ಲಿ ಹೋಗಿದ್ರಿ? ಇನ್ನೊಂದು ನಿಮಿಷ ಆಗಿದ್ರೆ ಗೈರುಹಾಜರಿ ಹಾಕ್ತಿದ್ದೆ. ಈಗ ಒಬ್ಬರೇ ಇದೀರಾ?"

ಹೌದು ಎಂದುಬಿಡಬಹುದಿತ್ತು. ಗವ್ರಿಲ ಬಣವೆಯ ಆಚೆಗಿದ್ದ, ಪರದೆಗೆ ಕಾಣುತ್ತಿರಲಿಲ್ಲ. ಸವೇತಾ ಬೆನ್ನ ಹಿಂದಕ್ಕೆ ಬೆರಳು ತೋರಿಸಿದಳು. "ಇಲ್ಲ, ಮೇಡಂ. ಬಣವೆ ಮೇಲೆ ಒಬ್ಬರಿದಾರೆ. ತೋಳು ಒಳಗಿದೆ."

"ಏನು ಮಾಡ್ತಿದಾರೆ?"

"ನೆಟ್ಟು ಹಿಡ್ಕೊಂಡಿದಾರೆ, ಮೇಡಂ."

ಪರದೆಯಾಚೆ ಡಾಕ್ಟರು ಮತ್ತೆ ಪಕ್ಕಕ್ಕೆ ತಿರುಗಿ ಪಿಸುಗುಟ್ಟಿದರು. ಮುಗಿಯಿತು, ಸತ್ಯ ಹೇಳಿ ಕೆಟ್ಟೆ ಅಂದುಕೊಂಡಳು ಸವೇತಾ.

"ಅವರಿಗೆ ವೈದ್ಯದ ವಿಷಯ ಏನಾದ್ರೂ ಗೊತ್ತಾ?"

"ಎಪ್ಪತ್ತು ವರ್ಷದಲ್ಲಿ ಒಂದು ಸಲಾನೂ ರಕ್ತದೊತ್ತಡ ನೋಡಿಸ್ಕೊಂಡಿಲ್ಲ."

"ಹಾಗಾದರೆ ಇರಲಿ. ಅವರಿಂದ ನಿಮಗೆ ಏನೂ ಸಹಾಯ ಆಗಲ್ಲ." ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. ಅವರ ಕೈಯಲ್ಲಿದ್ದ ಪ್ರಶ್ನೆಯ ಹಾಳೆಯನ್ನು ಪಕ್ಕಕ್ಕಿಟ್ಟದ್ದು ಸವೇತಾಗೆ ಕಂಡಿತು. "ಎರಡನೇ ಪ್ರಶ್ನೆ. ನಿಮ್ಮ ಊರಲ್ಲಿ ಅಂಥವರೇ ಒಬ್ಬರಿದಾರೆ ಅಂದ್ಕೊಳ್ಳಿ. ಮುಖ ಕೆಂಪಾಗುತ್ತೆ, ತಲೆ ಸುತ್ತುತ್ತೆ, ಆದರೂ ತೋಳು ಚಾಚೋಲ್ಲ. ಹೇಗೆ ಒಪ್ಪಿಸ್ತೀರಿ?"

ಇದು ಯಾವ ಪಾಠದಲ್ಲೂ ಇರಲಿಲ್ಲ. ಮೂರು ನೋಟುಪುಸ್ತಕಗಳಲ್ಲೂ ಇರಲಿಲ್ಲ. ಅದಕ್ಕೇ ಇರಬೇಕು, ಸವೇತಾಗೆ ಹೆದರಿಕೆ ಆಗಲಿಲ್ಲ.

"ಮೊದಲ ದಿನ ಯಂತ್ರ ತಗೊಂಡು ಹೋಗಲ್ಲ, ಮೇಡಂ. ಬರೀ ಹೋಗಿ ಕೂತ್ಕೋತೀನಿ. ಅವರ ಕೆಲಸ ನೋಡ್ತೀನಿ. ಕೆಲಸ ಚೆನ್ನಾಗಿದ್ರೆ ಚೆನ್ನಾಗಿದೆ ಅಂತೀನಿ, ಸುಳ್ಳು ಹೊಗಳಿದ್ರೆ ಅವರಿಗೆ ತಿಳಿಯುತ್ತೆ. ಎರಡನೇ ದಿನ ಯಂತ್ರ ಒಯ್ದು ಅವರ ಹೆಂಡತಿಗೆ ಹಾಕ್ತೀನಿ, ಅವರ ಮುಂದೇನೇ. ಮೂರನೇ ದಿನ ಹೇಳ್ತೀನಿ, ಮಾವ, ಬಣವೆ ಹೊರಗಿಂದ ಚಂದ ಇದ್ರೂ ಒಳಗೆ ಕಾಯ್ತಾ ಇರ್ಬೋದು. ಹೊಗೆ ಬಂದ್ಮೇಲೆ ನೋಡಿದ್ರೆ ಏನ್ ಬಂತು? ನೀವು ಹುಲ್ಲೊಳಗೆ ಕೈ ಹಾಕಿ ನೋಡ್ತೀರಲ್ಲ, ಇದೂ ಅಷ್ಟೇ." ತಡೆದು ಸೇರಿಸಿದಳು, "ಹೆದರಿಸಲ್ಲ. ಹೆದರಿದವರು ಬಾಗಿಲು ಹಾಕ್ಕೋತಾರೆ."

ಬಣವೆಯ ಹಿಂದೆ ಏಣಿ ಕಿರುಗುಟ್ಟಿತು.

ಮೂರನೆಯ ಪ್ರಶ್ನೆ ಗಾಯ ತೊಳೆದು ಕಟ್ಟುವುದು. ಅದನ್ನು ತನ್ನ ಮೊಣಕಾಲಿನ ಮೇಲೇ ಕಟ್ಟಿ ತೋರಿಸಿದಳು. ಗಂಟು ಸರಿಯಾಗಿ ಬಿತ್ತು. "ಫಲಿತಾಂಶ ಇನ್ನೊಂದು ಗಂಟೆಯೊಳಗೆ ನಿಮ್ಮ ಫೋನಿಗೆ ಬರುತ್ತೆ," ಎಂದು ಹೇಳಿ ಡಾಕ್ಟರು ಮಾಯವಾದರು.

ಫೋನು ಬಣವೆಯಲ್ಲಿತ್ತು. ಕಿತ್ತು ಕೆಳಗೆ ತಂದರೆ ಸಿಗ್ನಲ್ ಇಲ್ಲ. ಹಾಗಾಗಿ ಎಲ್ಲರೂ ಬಣವೆಯ ಮರೆಗೆ ಬಂದು ಕಾಯುತ್ತ ಕೂತರು. ನಸ್ತಾಸಿಯಾ ಗಂಟು ಬಿಚ್ಚಿ ಮುಸುಕಿನ ಜೋಳದ ತಣ್ಣಗಾದ ಮುದ್ದೆ, ಮಮಲಿಗವನ್ನು ದಾರದಿಂದ ಹೋಳು ಮಾಡಿ, ಕುರಿಹಾಲಿನ ಚೀಸು, ಈರುಳ್ಳಿ ಹಂಚಿದಳು. ಸವೇತಾ ತನ್ನ ಹೋಳನ್ನು ಕೈಯಲ್ಲೇ ಹಿಡಿದು ಉತ್ತರಗಳನ್ನು ಮತ್ತೆ ತಿರುವಿಹಾಕಿದಳು. ಮೊದಲನೆಯದಕ್ಕೆ ಹಣೆ ಮುಟ್ಟಿ ನೋಡ್ತೀನಿ ಅಂತ ಹೇಳಬೇಕಿತ್ತೇನೋ. ಗಂಟು ಎಡಗಡೆಗೆ ಬರಬೇಕಿತ್ತೇನೋ.

"ಸುಮ್ನಿರೇ," ಎಂದಳು ನಸ್ತಾಸಿಯಾ. "ನಿನ್ನ ಮುಖ ನೋಡಿದ್ರೆ ಹಸು ಹಾಲು ಬಿಡಲ್ಲ."

ನಾಲ್ಕು ದಪ್ಪ ಹನಿ ಬಿತ್ತು. ಎಲ್ಲರ ಕಣ್ಣೂ ಬಣವೆಯ ಪಕ್ಕೆಯ ತೂತಿಗೆ ಹೋಯಿತು. ಅದನ್ನು ಮುಚ್ಚಿದರೆ ಫೋನು ಮತ್ತೆ ಬೇಯುತ್ತದೆ, ಬಿಟ್ಟರೆ ನೀರು ಇಳಿಯುತ್ತದೆ. ಗವ್ರಿಲ ಎದ್ದು ಕುರಿದೊಗಲಿನ ತೋಳಿಲ್ಲದ ಅಂಗಿ ಬಿಚ್ಚಿದ. ಏಣಿ ಹತ್ತಿ ಅದನ್ನು ತೂತಿನ ಮೇಲೆ ಚಾವಣಿಯ ಹಾಗೆ ಎರಡು ಕಡ್ಡಿ ಚುಚ್ಚಿ ನಿಲ್ಲಿಸಿದ. ಬರಿ ಅಂಗಿಯಲ್ಲಿ ಮಳೆಗೆ ಮೈಯೊಡ್ಡಿ ಏಣಿಯ ಮೇಲೇ ಉಳಿದ.

"ಇಳೀರಿ ಮಾವ, ನೆನೀತೀರಿ."

"ಬಣವೆ ನೆನೆದ್ರೆ ನನ್ನ ಮಾನ ಹೋಗುತ್ತೆ. ನಾನು ನೆನೆದ್ರೆ ಒಣಗ್ತೀನಿ."

ಆಗ ಬಣವೆ ಕಿಣಿಗುಟ್ಟಿತು.

ಗವ್ರಿಲ ತೋಳು ಹಾಕಿ ಚೀಲವನ್ನು ಕಿತ್ತು, ತೆರೆದು ನೋಡದೆ, ಇಳಿದು ಬಂದು ಎರಡೂ ಕೈಯಿಂದ ಸವೇತಾಗೆ ಕೊಟ್ಟ, ಚರ್ಚಿನಲ್ಲಿ ಪ್ರಸಾದದ ರೊಟ್ಟಿ ಕೊಡುವ ಹಾಗೆ. ಅವಳು ಓದಿದಳು. ಮತ್ತೊಮ್ಮೆ ಓದಿದಳು. ತಪ್ಪು ಓದಿರಬಹುದೆಂದು ನಸ್ತಾಸಿಯಾಗೆ ತೋರಿಸಿದಳು.

"ಸವೇತಾ ಹೋತ್ಯಾ," ನಸ್ತಾಸಿಯಾ ಒಂದೊಂದೇ ಅಕ್ಷರ ಕೂಡಿಸಿದಳು, "ಉತ್ತೀರ್ಣ. ಹತ್ತಕ್ಕೆ ಒಂಬತ್ತು." ನೇರ ಹಸುಗಳತ್ತ ಹೋಗಿ ಗಂಟೆಗಳಿಂದ ಹುಲ್ಲು ಕಿತ್ತೆಸೆದು, ಎರಡನ್ನೂ ಕೈಯಿಂದ ಹಿಡಿದು ಬಾರಿಸಿದಳು. ಸದ್ದು ಇಡೀ ಬಟ್ಟಲನ್ನು ತುಂಬಿತು. ಕೆಳಗೆ ಊರಲ್ಲಿ ನಾಯಿಗಳು ಬೊಗಳಿದವು. ಸವೇತಾ ಅಳುತ್ತಿದ್ದಳು, ಬೆನ್ನು ಮಾತ್ರ ನೆಟ್ಟಗಿತ್ತು. ಅದು ಹಾಗೆ ನೆಟ್ಟಗಾದದ್ದು ಯಾವಾಗ ಎಂದು ಅವಳಿಗೆ ತಿಳಿಯಲಿಲ್ಲ.

ಗವ್ರಿಲ ತೂತು ಮುಚ್ಚಿ ಬಂದ. ಎಷ್ಟು ಬಾಚಿದರೂ ಪಕ್ಕೆಯಲ್ಲಿ ಒಂದು ಗಂಟು ಉಳಿದಿತ್ತು. ದಾರಿಯಲ್ಲಿ ಹೋಗುವವರಿಗೆಲ್ಲ ಅದು ಕಾಣುತ್ತಿತ್ತು. ಅವನು ಒಮ್ಮೆ ಅದನ್ನು ನೋಡಿದ. "ಇರ್ಲಿ ಬಿಡು. ಕೇಳಿದ್ರೆ ಹೇಳ್ತೀನಿ."

ಆಮೇಲೆ ಬೋರಲು ಬಕೆಟ್ಟಿನ ಮೇಲೆ ಕೂತು, ಅಂಗಿಯ ತೋಳನ್ನು ಭುಜದವರೆಗೆ ಮಡಿಸಿ, ಹುಲ್ಲು ಗೀರಿ ಕೆಂಪಾದ ಬಲಗೈಯನ್ನು ಅವಳ ಮುಂದೆ ಚಾಚಿದ.

"ಮೂರು ದಿನ ಯಾಕೆ ಸುತ್ತಾಡ್ತೀಯ? ಇವತ್ತೇ ನೋಡು. ಆದ್ರೆ ಮೊದಲೇ ಹೇಳಿಬಿಡ್ತೀನಿ, ನಮ್ಮಪ್ಪ ತೊಂಬತ್ತು ವರ್ಷ..."

ಸವೇತಾ ಮಳೆಗೆ ನೆನೆದ ಅವನ ತೋಳು ಒರೆಸಿದಳು. ಅವನ ಏದುಸಿರು ಇಳಿಯಲು ಐದು ನಿಮಿಷ ಬಿಟ್ಟಳು. ಪರೀಕ್ಷೆಗೆಂದು ತಂದಿದ್ದ ರಕ್ತದೊತ್ತಡದ ಯಂತ್ರದ ಪಟ್ಟಿಯನ್ನು ತೋಳಿಗೆ ಸುತ್ತಿ, ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು, ಗುಂಡಿಗೆ ಕೈಯಿಟ್ಟಳು.

"ಮಾತಾಡ್ಬೇಡಿ ಮಾವ," ಎಂದಳು. "ಅಳೆಯುವಾಗ ಮಾತಾಡಬಾರದು."

ಗವ್ರಿಲ ಬಾಯಿ ಮುಚ್ಚಿದ. ಏಳು ಜನ ಮಳೆಯಲ್ಲಿ ಉಸಿರು ಬಿಗಿಹಿಡಿದು ನಿಂತರು.